ಯಂಕಪ್ಪ ಬಿದ್ದ ನೆಲದವರೆಗೆ

ಕಿನ್ನಾಳ

ನನ್ನ ತಮ್ಮ ಯಂಕಪ್ಪ ಆಫ್ರಿಕಾದಲ್ಲಿ ವಿಮಾನ ಬಿದ್ದು ಸತ್ತನೆಂಬ ತಂತಿ ಬಂದಾಗ ನಮ್ಮ ಓಣಿಯಲ್ಲಿ ಯಾರೂ ಅದನ್ನು ನಂಬಲಿಲ್ಲ. ಎರಡನೆಯ ದೊಡ್ಡ ಯುದ್ಧಕ್ಕೆ ಮೊದಲಿನ ಮಾತು ಇದು. ನಮ್ಮದು ಕೊಪ್ಪಳದ ಪಕ್ಕದ ಕಿನ್ನಾಳ. ಮರದ ಗೊಂಬೆ, ತೊಟ್ಟಿಲು, ದೇವರ ವಾಹನ ಮಾಡುವ ಚಿತ್ರಗಾರರ ಓಣಿ. ವಿಮಾನವೆಂದರೆ ನಮ್ಮವರಿಗೆ ಗೊತ್ತಿದ್ದದ್ದು ಪುರಾಣದ ಪುಷ್ಪಕವೊಂದೇ. ಸಾಹೇಬರ ವಿಮಾನದಲ್ಲಿ ಚಿತ್ರಗಾರನಿಗೇನು ಕೆಲಸ ಎಂದು ಹಿರಿಯರು ಕೇಳಿದರು.

ಕೆಲಸವಿತ್ತು. ಯಂಕಪ್ಪ ಮುಂಬಯಿಗೆ ಹೋಗಿ ಮೇಜು ಕುರ್ಚಿ ಮಾಡುವ ಅಂಗಡಿ ಸೇರಿದ್ದ. ಅಲ್ಲಿಂದ ಪಂಜಾಬಿ ಬಡಿಗರ ಜೊತೆ ಹಡಗು ಹತ್ತಿ ನೈರೋಬಿಗೆ ಹೋದ. ಅಲ್ಲಿ ಕಾಫಿ ತೋಟದ ಬಿಳಿಯರು ಕೆಲವರು ಸ್ವಂತಕ್ಕೆ ಚಿಕ್ಕ ವಿಮಾನ ಇಟ್ಟುಕೊಂಡಿದ್ದರು, ನಮ್ಮ ಕಡೆ ದೇಸಾಯರು ಕುದುರೆ ಇಟ್ಟ ಹಾಗೆ. ಇಬ್ಬರು ಕೂರುವ ವಿಮಾನ. ರೆಕ್ಕೆಯೆಲ್ಲ ಮರದ ಹಂದರ, ಮೇಲೆ ಬಟ್ಟೆ, ಬಟ್ಟೆಯ ಮೇಲೆ ಘಾಟು ವಾಸನೆಯ ಬಣ್ಣ. ಅವು ಮುರಿದಾಗ ಯಂಕಪ್ಪ ಸರಿ ಮಾಡುತ್ತಿದ್ದ. ಒಮ್ಮೆ ಊರಿಗೆ ಬಂದಾಗ ಅವ್ವನಿಗೆ ಹೇಳಿದ್ದ, "ಮರಾ, ಅರಿವಿ, ಅಂಟು. ನಮ್ಮ ಗರುಡನ್ನ ಮಾಡಿದಂಗ ಐತಿ ಬೇ. ಒಂದ ಫರಕ, ಅದು ಖರೇನ ಹಾರತೈತಿ."

ತಂತಿ ಬಂದು ಕೆಲವು ತಿಂಗಳಾದ ಮೇಲೆ ಮುಂಬಯಿಯಿಂದ ಮರಳಿದ ಕುಕನೂರಿನ ಬಡಿಗನೊಬ್ಬ ಇನ್ನೊಂದು ಮಾತು ತಂದ. ಯಂಕಪ್ಪ ರಿಪೇರಿ ಮಾಡಿದ ರೆಕ್ಕೆಯೇ ಆಕಾಶದಲ್ಲಿ ಮುರಿಯಿತಂತೆ. ಅದಾದ ಮೇಲೆ ಅಲ್ಲಿ ನಮ್ಮ ದೇಶದ ಬಡಿಗರನ್ನು ವಿಮಾನದ ಹತ್ತಿರ ಸೇರಿಸುತ್ತಿಲ್ಲವಂತೆ.

ಸಾವಿನ ಸುದ್ದಿಗೆ ಅತ್ತಿದ್ದ ಯಂಕಪ್ಪನ ಹೆಂಡತಿ ದುರಗವ್ವ ಈ ಮಾತಿಗೆ ಅಳಲಿಲ್ಲ. ಅವಳು ಗೊಂಬೆಗಳಿಗೆ ಹುಣಸೆ ಬೀಜದ ಅಂಟು ಕಾಸುವವಳು, ಮರದ ಮೇಲೆ ಅರಿವೆ ಕೂರಿಸುವವಳು. ಒಲೆಯ ಮೇಲಿನ ಅಂಟಿನ ಗಡಿಗೆ ಇಳಿಸಿ, "ಭಾವಾರ, ನಾ ಹೋಗಿ ನೋಡಿ ಬರ್ತೀನ್ರಿ" ಎಂದಳು.

"ಗಂಡ ಸತ್ತಾಕಿ ಸಮುದ್ರ ದಾಟತಾಳೇನು?" ಎಂದ ದೊಡ್ಡಪ್ಪ.

"ಗಂಡ ಸತ್ತಿದ್ದಕ್ಕ ದಾಟತಾಳ" ಎಂದಳು ನಮ್ಮವ್ವ.

ನಾನು ಕೊಪ್ಪಳದ ಸಾಲೆಯಲ್ಲಿ ಮಾಸ್ತರ. ನಿಜಾಮರ ರಾಜ್ಯದ ಸಾಲೆಯಾದ್ದರಿಂದ ಉರ್ದು ಬರುತ್ತಿತ್ತು, ಇಂಗ್ಲಿಷು ತೊದಲುವಷ್ಟು. ಅವಳ ಜೊತೆ ಹೋಗಬೇಕಾದವನು ನಾನೇ. ನನ್ನ ಕಾಗದ ಕಂಡು ನೈರೋಬಿಯ ಬಡಿಗರು ತಮ್ಮೊಳಗೆ ಹಣ ಕೂಡಿಸಿ ನಮಗೆ ಹಡಗಿನ ದಾರಿ ಮಾಡಿಕೊಟ್ಟರು.

ಹಡಗು

ಕೊಪ್ಪಳದಲ್ಲಿ ರೈಲು ಹತ್ತಿದಾಗ ದುರಗವ್ವ ಒಂದು ದೊಡ್ಡ ಗಂಟು ತಂದಿದ್ದಳು. ಒಣಗಿಸಿದ ಜೋಳದ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಖಾರದ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಮುಂಬಯಿಯ ಬಂದರಿನಲ್ಲಿ ಅವಳು ಮೊದಲ ಸಲ ಸಮುದ್ರ ನೋಡಿದಳು. ಏನಾದರೂ ಹೇಳುತ್ತಾಳೆಂದು ಕಾದೆ. ಬಹಳ ಹೊತ್ತು ನೋಡಿ, "ಇದಕ್ಕ ಬದು ಇಲ್ಲೇನ್ರಿ" ಎಂದು ಕೇಳಿದಳು. ಹೊಲಕ್ಕೆ ಬದು ಇರುವ ಹಾಗೆ ನೀರಿಗೂ ಎಲ್ಲಾದರೂ ಇರಬೇಕೆಂದು ಅವಳ ಲೆಕ್ಕ.

ನಮಗೆ ಸಿಕ್ಕದ್ದು ಹಡಗಿನ ಮೇಲಿನ ತೆರೆದ ಅಟ್ಟ. ಅಲ್ಲಿ ಜನ ಚಾಪೆ ಹಾಸಿಕೊಂಡು ಊರನ್ನೇ ಕಟ್ಟಿಕೊಂಡಿದ್ದರು. ನಮ್ಮ ಎಡಗಡೆ ಮಗಳ ಬಾಣಂತನಕ್ಕೆ ಹೊರಟಿದ್ದ ಕಛ್ ಕಡೆಯ ಮುದುಕಿ. ಅವಳ ಮಾತು ನಮಗೆ ಬಾರದು, ನಮ್ಮದು ಅವಳಿಗೆ ಬಾರದು. ಆದರೂ ಮೊದಲ ದಿನವೇ ದುರಗವ್ವನ ಹಣೆ ನೋಡಿ, ಬರಿದಾದ ಕೈ ನೋಡಿ, ಅವಳಿಗೆ ಎಲ್ಲವೂ ತಿಳಿಯಿತು. ಡಬ್ಬಿಯಿಂದ ಮಾವಿನಕಾಯಿ ಉಪ್ಪಿನಕಾಯಿ ತೆಗೆದು ಕೊಟ್ಟಳು. ದುರಗವ್ವ ಹಿಂಡಿ ಕೊಟ್ಟಳು. ಮುದುಕಿ ಅದನ್ನು ಬಾಯಿಗಿಟ್ಟು ಕಣ್ಣಲ್ಲಿ ನೀರು ತಂದುಕೊಂಡು, ನೀರು ಕುಡಿದು, ಮತ್ತೆ ಕೈ ಚಾಚಿದಳು. ಯಂಕಪ್ಪ ಸತ್ತ ಮೇಲೆ ದುರಗವ್ವ ನಕ್ಕದ್ದನ್ನು ನಾನು ಆಗಲೇ ಮೊದಲು ನೋಡಿದೆ.

ನಡುಸಮುದ್ರದಲ್ಲಿ ಅಲೆಯೊಂದು ಅಟ್ಟದ ಮೇಲೆ ಹಾರಿ ನಮ್ಮ ಗಂಟು ತೊಯ್ದಿತು. ರೊಟ್ಟಿಯೆಲ್ಲ ಉಪ್ಪು ನೀರು ಕುಡಿದವು. ದುರಗವ್ವ ಅವನ್ನು ಬಿಸಿಲಿಗೆ ಹರವಿದಳು. ಒಣಗಿದ ಮೇಲೆ ಅವು ಸೊಟ್ಟಗಾಗಿ ಕಲ್ಲಿನಂತಾದವು. ಮೊಂಬಾಸಾ ಬಂದರಿನಲ್ಲಿ ಗಂಟು ಬಿಚ್ಚಿಸಿದ ಅಧಿಕಾರಿ ಒಂದು ರೊಟ್ಟಿಯನ್ನು ಎತ್ತಿ ಬೆರಳಿನಿಂದ ಬಡಿದು, ಇದು ಯಾವ ಪ್ರಾಣಿಯ ಚರ್ಮವೆಂದು ಕೇಳಿದ. ನಮ್ಮ ಊಟವೆಂದೆ. ಅವನು ನಂಬಲಿಲ್ಲ. ದುರಗವ್ವನಿಗೆ ಸಂಗತಿ ತಿಳಿಸಿದೆ. ಅವಳು ಅವನ ಕೈಯಿಂದ ರೊಟ್ಟಿ ತೆಗೆದುಕೊಂಡು, ಒಂದು ತುಣುಕು ಮುರಿದು, ಅವನ ಮುಖ ನೋಡುತ್ತ ಅಗಿದು ನುಂಗಿದಳು. ಅವನು ಗಂಟು ಕಟ್ಟಿಕೊಳ್ಳಿರೆಂದು ಕೈ ಮಾಡಿದ.

ನೈರೋಬಿ

ರೈಲಿನಿಂದ ಇಳಿದಾಗ ಚಳಿ. ಆಫ್ರಿಕಾ ಎಂದರೆ ರಾಯಚೂರಿಗಿಂತ ಹೆಚ್ಚಿನ ಬಿಸಿಲೆಂದು ತಿಳಿದಿದ್ದ ನಾನು ಧೋತರದ ಸೆರಗನ್ನೇ ಹೊದ್ದುಕೊಂಡು ನಿಂತೆ. ನಮ್ಮನ್ನು ಕರೆದೊಯ್ಯಲು ಬಂದವನು ಕರ್ತಾರ್ ಸಿಂಗ್, ಬಡಿಗರ ಮುಖ್ಯಸ್ಥ. ಬಿಳಿ ಗಡ್ಡದ ಎತ್ತರದ ಆಳು. ಯಂಕಪ್ಪ ಅವನ ಮನೆಯಲ್ಲೇ ಇದ್ದವನು, ಅವನ ಕೈಯಲ್ಲೇ ಚಿತೆ ಏರಿದವನು. ಕರ್ತಾರ್ ಸಿಂಗ್ ಉರ್ದುವಿನಲ್ಲಿ ಮಾತಾಡಿದ. ನಿಜಾಮರ ಉರ್ದು ಇಲ್ಲಿ ಕೆಲಸಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಅವನ ಮನೆಯಲ್ಲಿ ಬಾಯಿ ತೆರೆಯುವ ಮೊದಲೇ ತಾಟು ಮುಂದೆ ಬರುತ್ತಿತ್ತು. ಸಾಕೆಂದರೆ ಇನ್ನೊಂದು ರೊಟ್ಟಿ ಬೀಳುತ್ತಿತ್ತು, ಅದರ ಮೇಲೆ ಬೆಣ್ಣೆ ಬೀಳುತ್ತಿತ್ತು. ನಮ್ಮಲ್ಲಿ ಸೂತಕದ ಮನೆಯವರಿಗೆ ಹೀಗೆ ಒತ್ತಾಯ ಮಾಡುವುದಿಲ್ಲ. ಅವರಲ್ಲಿ ದುಃಖಕ್ಕೆ ಮೊದಲ ಔಷಧ ಊಟ.

ಊಟವಾದ ಮೇಲೆ ನಾನು ಕೇಳಬೇಕಾದದ್ದನ್ನು ಕೇಳಿದೆ. ರೆಕ್ಕೆ ಮುರಿಯಿತೇ?

"ಹಾಗೆಂದು ಹೇಳುತ್ತಾರೆ" ಎಂದ ಕರ್ತಾರ್ ಸಿಂಗ್. "ಯಾರು ಹೇಳುತ್ತಾರೆ ಎಂದರೆ, ಎಲ್ಲರೂ. ನಾನು ನೋಡಿಲ್ಲ. ವಿಮಾನ ಬಿದ್ದದ್ದು ವೆಲ್ಬಿ ಸಾಹೇಬರ ತೋಟದಲ್ಲಿ, ಇಲ್ಲಿಂದ ದೂರ. ಸಾಹೇಬರದೇ ವಿಮಾನ, ಅವರೇ ನಡೆಸುತ್ತಿದ್ದರು. ರಿಪೇರಿ ಮಾಡಿದವನು ಮೊದಲ ಹಾರಾಟಕ್ಕೆ ಜೊತೆ ಕೂರಬೇಕೆಂಬುದು ಅವರ ಪದ್ಧತಿ. ಯಂಕಪ್ಪ ಖುಷಿಯಿಂದಲೇ ಕೂತ. ಸಾಹೇಬರು ಬದುಕಿದರು. ಸೊಂಟ ಮುರಿದಿದೆ. ಎಷ್ಟೋ ವಾರ ಅವರಿಗೆ ಪ್ರಜ್ಞೆಯೇ ಇರಲಿಲ್ಲ. ನಾನು ಶವ ತರಲು ಹೋದಾಗ ಮುರಿದ ವಿಮಾನದ ಹತ್ತಿರ ನಮ್ಮನ್ನು ಬಿಡಲಿಲ್ಲ."

ದುರಗವ್ವ ನನ್ನನ್ನು ನೋಡಿದಳು. ನಾನು ಕನ್ನಡದಲ್ಲಿ ಹೇಳಿದೆ. "ಸಾಹೇಬ್ರು ಅದಾರಲ್ಲ" ಎಂದಳು. "ಅವರನ್ನ ಕೇಳೋಣ ನಡೀರಿ."

ಬಿದ್ದ ನೆಲ

ಕರ್ತಾರ್ ಸಿಂಗನ ಲಾರಿಯಲ್ಲಿ ಹೋದೆವು. ಕೆಂಪು ಮಣ್ಣಿನ ದಾರಿ ಇಳಿದು ಇಳಿದು ದೊಡ್ಡ ಬಯಲಿಗೆ ಬಂತು. ಯಲಬುರ್ಗಿ ಕಡೆಯ ಎರೆ ಹೊಲಗಳ ಹಾಗೆ ಕಣ್ಣು ಹರಿದಷ್ಟೂ ಬಯಲು. ಆದರೆ ಮಣ್ಣು ಕಪ್ಪಲ್ಲ, ಹುಲ್ಲು ಎದೆ ಮಟ್ಟ. ದುರಗವ್ವ ಲಾರಿಯಿಂದ ಇಳಿದು ಮಣ್ಣು ಹಿಡಿದು ನೋಡಿದಳು. "ಛಲೋ ನೆಲಾ ಐತಿ" ಎಂದಳು. ಗಂಡ ಸತ್ತ ನೆಲವನ್ನು ಅವಳು ಮೊದಲು ಒಕ್ಕಲಗಿತ್ತಿಯ ಹಾಗೆ ನೋಡಿದ್ದು ನನಗೆ ಈಗಲೂ ನೆನಪಿದೆ.

ಅಲ್ಲಿ ದನ ಮೇಯಿಸುತ್ತಿದ್ದ ಮುದುಕನೊಬ್ಬ ಕೋಲಿನ ಮೇಲೆ ಭಾರ ಹಾಕಿ ಒಂಟಿ ಕಾಲಿನಲ್ಲಿ ನಿಂತಿದ್ದ. ನಮ್ಮ ಕುರುಬರೂ ಹೀಗೆಯೇ ನಿಲ್ಲುತ್ತಾರೆ. ಕರ್ತಾರ್ ಸಿಂಗ್ ಆ ನಾಡಿನ ಭಾಷೆಯಲ್ಲಿ ಅವನನ್ನು ಮಾತಾಡಿಸಿದ. ವಿಮಾನ ಬಿದ್ದದ್ದನ್ನು ಅವನು ನೋಡಿದ್ದ. ಅವನ ಮಾತು ಕರ್ತಾರ್ ಸಿಂಗನ ಬಾಯಲ್ಲಿ ಉರ್ದುವಾಗಿ, ನನ್ನ ಬಾಯಲ್ಲಿ ಕನ್ನಡವಾಗಿ ದುರಗವ್ವನಿಗೆ ಮುಟ್ಟುತ್ತಿತ್ತು. ಆದರೆ ಮುದುಕ ಅರ್ಧ ಮಾತನ್ನು ಕೈಯಲ್ಲೇ ಆಡಿದ, ಅದಕ್ಕೆ ಅನುವಾದ ಬೇಕಿರಲಿಲ್ಲ.

ಅಂಗೈಯನ್ನು ಮೇಲೆತ್ತಿ ದಿಬ್ಬದ ಮೇಲಿನ ಸಾಹೇಬರ ಮನೆಯ ಕಡೆ ತೋರಿಸಿದ. ವಿಮಾನ ಆ ಮನೆಯನ್ನು ಸುತ್ತುತ್ತಿತ್ತು. ಸುತ್ತು ಚಿಕ್ಕದಾಗುತ್ತ ಹೋಯಿತು. ಅಂಗೈ ವಾಲಿಸಿದ, ಬೆರಳುಗಳನ್ನು ಸ್ವಲ್ಪ ಮೇಲಕ್ಕೆ ಎತ್ತಿದ. ಸದ್ದು ಸಣ್ಣದಾಯಿತು, ವಿಮಾನ ನಿಧಾನವಾಯಿತು, ದಣಿದ ಎತ್ತು ಏರಿನಲ್ಲಿ ನಿಲ್ಲುವ ಹಾಗೆ. ಆಮೇಲೆ ಕೈ ತಟ್ಟನೆ ಒಂದು ಪಕ್ಕಕ್ಕೆ ಮಗುಚಿತು. ಮಗುಚಿದ ಕೈ ತಿರುಗುತ್ತ, ತಿರುಗುತ್ತ ನೆಲಕ್ಕೆ ಬಂತು.

"ರೆಕ್ಕಿ ಮೊದಲ ಮುರೀತೇನು, ಕೇಳ್ರಿ" ಎಂದಳು ದುರಗವ್ವ.

ಮುದುಕ ಎರಡೂ ತೋಳನ್ನು ಅಗಲಕ್ಕೆ ಚಾಚಿ ತಲೆ ಅಲ್ಲಾಡಿಸಿದ. ನೆಲಕ್ಕೆ ಬರುವವರೆಗೂ ರೆಕ್ಕೆಗಳು ಹಾಗೆಯೇ ಇದ್ದವು.

ಆಮೇಲೆ ಅವನು ಜಾಗ ತೋರಿಸಿದ. ಹುಲ್ಲು ಮತ್ತೆ ಬೆಳೆದಿತ್ತು. ಏನೂ ಗುರುತಿರಲಿಲ್ಲ. ದುರಗವ್ವ ಕುಳಿತು, ಗಂಟಿನಲ್ಲಿ ಉಳಿದಿದ್ದ ರೊಟ್ಟಿಯನ್ನು ಎಲೆಯ ಮೇಲಿಟ್ಟು, ಮೇಲೆ ಹಿಂಡಿ ಹಾಕಿ ಎಡೆ ಮಾಡಿದಳು. "ಉಣ್ರಿ" ಎಂದಳು. "ಉಪ್ಪ ಒಂಚೂರು ಹೆಚ್ಚಾಗೈತಿ. ಸಮುದ್ರದ ನೀರು ಬಿದ್ದಿತ್ತು." ಅಷ್ಟು ಹೇಳಿ ನೆಲಕ್ಕೆ ಹಣೆ ಹಚ್ಚಿದಳು. ಅವಳು ಅತ್ತಳು. ನಾನೂ ಅತ್ತೆ. ಕರ್ತಾರ್ ಸಿಂಗ್ ಬೆನ್ನು ತಿರುಗಿಸಿ ನಿಂತ. ದನದ ಮುದುಕ ಮಾತ್ರ ನಮ್ಮನ್ನೇ ನೋಡುತ್ತ, ದನಗಳು ಎಡೆಯ ಹತ್ತಿರ ಬಾರದಂತೆ ಕೋಲು ಅಡ್ಡ ಹಿಡಿದಿದ್ದ.

ಸಾಹೇಬರ ಪಡಸಾಲೆ

ವೆಲ್ಬಿ ಸಾಹೇಬರು ಮನೆಯ ಪಡಸಾಲೆಯಲ್ಲಿ ಗಾಲಿ ಕುರ್ಚಿಯ ಮೇಲೆ ಕೂತಿದ್ದರು. ನಾನು ಎಣಿಸಿದ್ದಕ್ಕಿಂತ ಚಿಕ್ಕ ವಯಸ್ಸು, ಯಂಕಪ್ಪನ ವಾರಿಗೆ ಇರಬೇಕು. ಕಾಲ ಮೇಲೆ ಕಂಬಳಿ. ಹೆಂಡತಿ ವಿಲಾಯತಿಗೆ ಹೋಗಿಬಿಟ್ಟಿದ್ದಳೆಂದು ಕರ್ತಾರ್ ಸಿಂಗ್ ಮೊದಲೇ ಹೇಳಿದ್ದ. ನಾವು ಯಾರೆಂದು ತಿಳಿದ ಕೂಡಲೇ ಅವರು ಏಳಲು ಹೋದರು. ಏಳಲಾರೆನೆಂಬುದು ಅವರಿಗೇ ಮರೆತಿತ್ತು.

ಅವರಲ್ಲಿ ಚಹಾ ಕೊಡುವವರೆಗೆ ಯಾರೂ ವಿಷಯ ಎತ್ತುವುದಿಲ್ಲ. ಚಹಾ ಬಂತು. ದುರಗವ್ವ ಮುಟ್ಟಲಿಲ್ಲ. ನಾನು ತೊದಲು ಇಂಗ್ಲಿಷಿನಲ್ಲಿ, ನಾವು ಬಂದದ್ದು ಒಂದೇ ಮಾತು ಕೇಳಲು ಎಂದೆ.

ಸಾಹೇಬರು ನನ್ನನ್ನು ನೋಡದೆ ಹೇಳಿದರು. "ರೆಕ್ಕೆ ಮುರಿಯಲಿಲ್ಲ. ನನಗೆ ಪ್ರಜ್ಞೆ ಬರುವ ಹೊತ್ತಿಗೆ ಎಲ್ಲರೂ ರೆಕ್ಕೆ ಮುರಿಯಿತೆಂದು ತೀರ್ಮಾನಿಸಿದ್ದರು. ನನ್ನನ್ನು ಸಂತೈಸಲು ಬಂದವರು ಅದನ್ನೇ ಹೇಳಿದರು. ನಾನು ತಿದ್ದಲಿಲ್ಲ."

ಆಳನ್ನು ಕರೆದು ಕಣಜದ ಕೋಣೆ ತೆಗೆಸಿದರು. ಹುಲ್ಲಿನ ಹಾಸಿನ ಮೇಲೆ ಮುರಿದ ವಿಮಾನದ ತುಂಡುಗಳನ್ನು ಒಟ್ಟಿದ್ದರು. ದುರಗವ್ವ ಒಳಗೆ ಹೋಗಿ ರೆಕ್ಕೆಯ ಮೇಲೆ ಅಂಗೈ ಆಡಿಸುತ್ತ ಹೋದಳು. ಒಂದು ಕಡೆ ಕೈ ನಿಂತಿತು. ಹರಿದ ಬಟ್ಟೆಯ ಅಡಿಯಲ್ಲಿ ಹಳೆಯ ಮರಕ್ಕೆ ಹೊಸ ಮರ ಅಂಟಿಸಿದ ಜೋಡಣೆ. "ಇದು ಅವರ ಕೈಯಾಂದು" ಎಂದಳು. ಜೋಡಣೆ ಗಟ್ಟಿಯಾಗಿಯೇ ಇತ್ತು. ರೆಕ್ಕೆ ಮುರಿದದ್ದು ಅದರಾಚೆ, ನೆಲಕ್ಕೆ ಬಡಿದ ತುದಿಯಲ್ಲಿ. ಕರ್ತಾರ್ ಸಿಂಗ್ ಕೂತು ನೋಡಿ, ಪಗಡಿ ಸರಿಮಾಡಿಕೊಂಡು ಎದ್ದ.

ಮರಳಿ ಪಡಸಾಲೆಗೆ ಬಂದೆವು. ಸಾಹೇಬರು ನಿಧಾನವಾಗಿ, ನನಗೆ ತಿಳಿಯುವಂತೆ ಹೇಳಿದರು.

"ಅಂದು ಮನೆಗೆ ಅತಿಥಿಗಳು ಬಂದಿದ್ದರು. ನನ್ನ ಹೆಂಡತಿ ಅವರ ಜೊತೆ ಅಂಗಳದಲ್ಲಿ ನಿಂತು ಕೈ ಬೀಸಿದಳು. ಅವರಿಗೆ ಚೆನ್ನಾಗಿ ಕಾಣಲೆಂದು ಮನೆಯ ಸುತ್ತ ತಿರುಗಿಸಿದೆ. ಮತ್ತೂ ಹತ್ತಿರ ತಿರುಗಿಸಿದೆ. ನನ್ನ ಕಣ್ಣು ಕೆಳಗೇ ಇತ್ತು. ವೇಗ ಇಳಿದದ್ದನ್ನು ನೋಡಲಿಲ್ಲ. ವೇಗವಿಲ್ಲದ ವಿಮಾನವನ್ನು ಗಾಳಿ ಹೊರುವುದಿಲ್ಲ. ಒಂದು ರೆಕ್ಕೆ ಕೈಬಿಟ್ಟಿತು. ಅಷ್ಟು ಕೆಳಗೆ ಹಾಗಾದರೆ ಸರಿಪಡಿಸಲು ಎತ್ತರವೇ ಇರುವುದಿಲ್ಲ."

ನಾನು ದುರಗವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ತಲೆ ತಗ್ಗಿಸಿ ಕೇಳಿದಳು.

ಸಾಹೇಬರು ಮತ್ತೆ ಮಾತು ತೆಗೆದರು. ಅಂಥ ವಿಮಾನದಲ್ಲಿ ಮುಂದೆ ಕೂತವನಿಗೂ ಹಿಂದೆ ಕೂತವನಿಗೂ ನಡುವೆ ಮಾತಾಡಲು ಒಂದು ಕೊಳವೆ ಇರುತ್ತದಂತೆ. ಯಂಕಪ್ಪ ಮುಂದೆ ಕೂತಿದ್ದ.

"ಅವನು ಕೊಳವೆಯಲ್ಲಿ ಒಂದು ಹೆಸರು ಹೇಳಿದ. ತಿರುಗಲು ಶುರು ಮಾಡಿದಾಗ ಒಮ್ಮೆ, ಕೊನೆಗೆ ಒಮ್ಮೆ. ಹೆಂಡತಿಯನ್ನು ನೆನೆದನೇನೋ ಎಂದುಕೊಂಡೆ. ಆ ಹೆಸರು ಆಮೇಲೆ ನನ್ನನ್ನು ಬಿಟ್ಟಿಲ್ಲ." ಅವರು ದುರಗವ್ವನ ಕಡೆ ತಿರುಗಿದರು. "ಈಕೆಯೇ ಏನು, ಸಾಕ್ರಿ?"

ದುರಗವ್ವ ತಲೆ ಎತ್ತಿದಳು. ಅಷ್ಟು ಹೊತ್ತಿನ ಇಂಗ್ಲಿಷಿನಲ್ಲಿ ಅವಳಿಗೆ ತಿಳಿದ ಒಂದೇ ಮಾತು ಅದು.

"ಸಾಹೇಬ್ರು ನಮ್ಮ ಮಾತು ಆಡಿದ್ರಲ್ರಿ. ಏನಂದ್ರು?"

ಯಂಕಪ್ಪ ಕೊಳವೆಯಲ್ಲಿ ಎರಡು ಸಲ ಹಾಗೆಂದನೆಂದೂ, ಸಾಹೇಬರು ಅದನ್ನು ಅವಳ ಹೆಸರೆಂದುಕೊಂಡರೆಂದೂ ಹೇಳಿದೆ. ಅವಳ ಕಣ್ಣ ಮುಂದೆ ಏನು ಬಂತೋ ಗೊತ್ತಿಲ್ಲ. ನನ್ನ ಕಣ್ಣ ಮುಂದೆ ಯಂಕಪ್ಪ ಬಂದ. ನಮ್ಮ ಓಣಿಯಲ್ಲಿ ಯಾರಾದರೂ ಹೆಚ್ಚು ಬಡಿಸಿದಾಗ ತಾಟಿಗೆ ಕೈ ಅಡ್ಡ ಹಿಡಿದು ಹೇಳುತ್ತಿದ್ದನಲ್ಲ, ಅದೇ ಮೆತ್ತನೆಯ ಧ್ವನಿಯಲ್ಲಿ.

"ಇದು ಹೆಸರಲ್ಲ ಅಂತ ಅವರಿಗೆ ಹೇಳಲೇನ?" ಎಂದು ಕೇಳಿದೆ. "ಹೇಳಿದರ ಅವರಿಗೆ ಭಾಳ ಸಂಕಟ ಆಗತೈತಿ, ದುರಗವ್ವ."

"ಆಗಲಿ ಅಂತ ಅಲ್ರಿ ಭಾವಾರ." ಅವಳ ಧ್ವನಿ ಏರಲಿಲ್ಲ. "ಅದು ನನಗ ಹೇಳಿದ ಮಾತಲ್ಲ. ಅವರಿಗೆ ಹೇಳಿದ್ದು. ಇನ್ನೂ ಅವರಿಗೆ ಮುಟ್ಟಿಲ್ಲ. ನನ್ನ ಗಂಡನ ಮಾತು, ಮುಟ್ಟಸ್ರಿ."

ನಾನು ಮುಟ್ಟಿಸಿದೆ. ಅದು ಹೆಸರಲ್ಲ. ಇನ್ನು ಬೇಡ, ನಿಲ್ಲಿಸಿ ಎನ್ನಲು ನಾವು ಹಾಗೆ ಹೇಳುತ್ತೇವೆ. ಕೊನೆಯ ಅಕ್ಷರ ಎದುರಿಗಿದ್ದವರಿಗೆ ಕೊಡುವ ಮರ್ಯಾದೆ.

ಸಾಹೇಬರು ಅಂಗಳದ ಹುಲ್ಲನ್ನು ನೋಡುತ್ತ ಕೂತರು. ಆಮೇಲೆ, "ಮೊದಲ ಸಲ ಹೇಳಿದಾಗ ವಿಮಾನ ಇನ್ನೂ ನನ್ನ ಕೈಯಲ್ಲೇ ಇತ್ತು" ಎಂದರು.

ಇದನ್ನೂ ನಾನು ದುರಗವ್ವನಿಗೆ ಹೇಳಿದೆ. ಅವಳು ಎದ್ದು ನಿಂತಳು. "ರೆಕ್ಕಿ ಮುರದಿಲ್ಲ ಅನ್ನೂದು ನಮ್ಮ ಮುಂದ ಅಷ್ಟ ಹೇಳಿದ್ರ ಸಾಲೂದಿಲ್ರಿ. ಬಡಿಗೇರ ಮುಂದ ಹೇಳಬೇಕು ಅನ್ರಿ." ಹೇಳಿದೆ. ಸಾಹೇಬರು ತಲೆಯಾಡಿಸಿದರು. ಹೊರಡುವಾಗ ದುರಗವ್ವ ತಣ್ಣಗಾಗಿದ್ದ ಚಹಾವನ್ನು ಎತ್ತಿ ಕುಡಿದಳು.

ಮತ್ತೆ ನೈರೋಬಿ

ಅವರು ಬರುತ್ತಾರೆಂದು ಕರ್ತಾರ್ ಸಿಂಗ್ ನಂಬಿರಲಿಲ್ಲ. ಆದರೆ ನಾವು ಹಡಗಿಗೆ ಹೊರಡುವ ಮೊದಲು ಬಡಿಗರ ಕಾರಖಾನೆಯ ಮುಂದೆ ಒಂದು ಮೋಟಾರು ನಿಂತಿತು. ಸಾಹೇಬರನ್ನು ಇಬ್ಬರು ಆಳುಗಳು ಕುರ್ಚಿ ಸಮೇತ ಇಳಿಸಿದರು. ಅವರ ಜೊತೆ ವಿಮಾನ ಇಟ್ಟುಕೊಂಡಿದ್ದ ಇನ್ನಿಬ್ಬರು ಬಿಳಿಯರೂ ಇದ್ದರು. ಗರಗಸಗಳ ಸದ್ದು ಒಂದೊಂದಾಗಿ ನಿಂತಿತು. ಎಲ್ಲರ ಎದುರಿಗೆ, ಮುರುಕು ಹಿಂದುಸ್ತಾನಿಯಲ್ಲಿ, ಯಂಕಪ್ಪನ ಕೆಲಸ ಗಟ್ಟಿಯಿತ್ತು, ತಪ್ಪು ನನ್ನದು ಎಂದು ಅವರು ಹೇಳಿದರು. ಜೊತೆಗಿದ್ದ ಒಬ್ಬ ಸಾಹೇಬ ಕೆಂಪಾಗಿ ಬೂಟಿನ ತುದಿ ನೋಡಿಕೊಂಡ. ಬಡಿಗರು ಚಪ್ಪಾಳೆ ತಟ್ಟಲಿಲ್ಲ, ಬೈಯಲೂ ಇಲ್ಲ. ಕರ್ತಾರ್ ಸಿಂಗ್ ಒಂದು ಲೋಟ ನೀರು ತರಿಸಿಕೊಟ್ಟ. ಸಾಹೇಬರು ಕುಡಿದು ಹೋದರು. ಗರಗಸಗಳು ಮತ್ತೆ ಶುರುವಾದವು.

ಆಮೇಲೆ ವಿಮಾನದ ಕೆಲಸ ನಮ್ಮ ಬಡಿಗರಿಗೆ ಮತ್ತೆ ಸಿಕ್ಕಿತೆಂದು ಕೇಳಿದೆ. ಯಂಕಪ್ಪನಂತೂ ಬರಲಿಲ್ಲ. ಹೋಗುವಾಗ ಒಂದು ಕೆಲಸವಿತ್ತು. ಬರುವಾಗ ಅವನು ಇಲ್ಲವೆಂಬುದು ಮಾತ್ರ ಇತ್ತು.

ಕಿನ್ನಾಳ

ಊರಿಗೆ ಬಂದ ಮೇಲೆ ದುರಗವ್ವ ಅಂಟು ಕಾಸುವುದಕ್ಕೆ ಕೂತಳು. ಆಫ್ರಿಕಾ ಹೆಂಗೈತಿ ಎಂದು ಕೇಳಿದವರಿಗೆ, "ನೆಲಾ ಛಲೋ ಐತ್ರಿ, ಮಂದಿ ನಮ್ಮಂಗ ಅದಾರ" ಎನ್ನುತ್ತಿದ್ದಳು. ಅವ್ವ ತೀರಿಕೊಂಡಳು. ಯುದ್ಧ ಬಂತು.

ಯುದ್ಧದ ಕಾಲದಲ್ಲಿ ಒಂದು ಮಧ್ಯಾಹ್ನ ಗಂಗಾವತಿ ಕಡೆಯಿಂದ ಚಿಕ್ಕದೊಂದು ವಿಮಾನ ಬಂತು. ನಮ್ಮೂರಿನ ಮೇಲೆ ಅದೇ ಮೊದಲು. ಬಹಳ ಕೆಳಗೆ ಹಾರುತ್ತಿತ್ತು. ಓಣಿಯೆಲ್ಲ ಹೊರಗೆ ಓಡಿ ಬಂತು. ಮುದುಕರು ಕೈ ಮುಗಿದರು, ಹುಡುಗರು ಕೂಗುತ್ತ ಅದರ ಹಿಂದೆ ಓಡಿದರು. ಮೇಲಿದ್ದವನಿಗೆ ಅದು ಕಂಡಿರಬೇಕು. ಅವನು ಮತ್ತೊಮ್ಮೆ ತೋರಿಸಲೆಂದು ಊರಿನ ಮೇಲೆ ವಾಲಿಸಿ ತಿರುಗಿಸಿದ.

ದುರಗವ್ವ ಅಂಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಅವಳು ಕೂಗಲಿಲ್ಲ, ಕೈ ಮುಗಿಯಲಿಲ್ಲ. ಕಟ್ಟೆಯ ಕಂಬ ಹಿಡಿದು ಮೇಲೆ ನೋಡುತ್ತ ನಿಂತಳು. ಅವಳ ತುಟಿ ಅಲುಗಿತು. ಸುತ್ತಲಿನ ಗದ್ದಲದಲ್ಲಿ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ವಿಮಾನ ತಿರುವು ಮುಗಿಸಿತು. ಅದರ ಎರಡೂ ರೆಕ್ಕೆ ಮಟ್ಟಸಕ್ಕೆ ಬರುವವರೆಗೂ ಅವಳು ಕಣ್ಣು ಕದಲಿಸಲಿಲ್ಲ. ಬಂದ ಮೇಲೆ ಒಳಗೆ ಹೋದಳು.